ಹೆಸರು ಕೂಗಿ, ಆಮೇಲೆ ಚೆಂಡು ಒಗೆಯಿರಿ

ನಮ್ಮ ರಾಯಚೂರು ಜಿಲ್ಲೆಯಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ವಿಶೇಷ ಶಿಬಿರಗಳು ಆರಂಭವಾಗುವ ರೀತಿ ಹೆಚ್ಚುಕಡಿಮೆ ಒಂದೇ ಬಗೆಯದು. ಸರ್ಕಾರಿ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿರುತ್ತಾರೆ, ಪ್ರಾರ್ಥನಾ ಗೀತೆಯಾಗುತ್ತದೆ, ಗಣ್ಯರು ಸಸಿಗೆ ನೀರೆರೆಯುತ್ತಾರೆ, ಶಾಲು ಹೊದಿಸುವ ಕಾರ್ಯಕ್ರಮ ಭಾಷಣಗಳಿಗಿಂತ ಉದ್ದವಾಗುತ್ತದೆ, ಅಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಒಂದು ಘಟಕದ 100 ಸ್ವಯಂಸೇವಕರಲ್ಲಿ ಶಿಬಿರಕ್ಕೆ ಆಯ್ಕೆಯಾಗಿ ಬರುವ 50 ಮಂದಿ ಏಳು ದಿನ ಒಂದೇ ಊರಿನಲ್ಲಿ ತಂಗಿ, ಒಂದೇ ಪಂಕ್ತಿಯಲ್ಲಿ ಉಂಡು, ಒಟ್ಟಿಗೆ ಚರಂಡಿ ಬಳಿಯಬೇಕಾಗಿರುತ್ತದೆ. ಆದರೆ ಬಿ.ಎ. ಓದುವವರಿಗೆ ಬಿ.ಕಾಂ. ಓದುವವರ ಹೆಸರು ಗೊತ್ತಿರುವುದಿಲ್ಲ. ಒಂದೇ ತರಗತಿಯಲ್ಲಿ ಕುಳಿತು ಪಾಠ ಕೇಳಿದ ಹುಡುಗನೂ ಹುಡುಗಿಯೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಮಾತನಾಡಿಸಿರುವುದಿಲ್ಲ.

ಈ ಕೊರತೆಯನ್ನು ತುಂಬಲು ಊಟದ ನಂತರ ಸಾಮಾನ್ಯವಾಗಿ ಸ್ವಪರಿಚಯದ ಕಾರ್ಯಕ್ರಮ ಇಟ್ಟುಕೊಳ್ಳುತ್ತಾರೆ. ಒಬ್ಬೊಬ್ಬರೇ ಎದ್ದು ಮೈಕ್ ಹಿಡಿದು ಹೆಸರು, ತರಗತಿ, ಊರು ಹೇಳಿ ಕೂರುತ್ತಾರೆ. ತಮ್ಮ ಸರದಿ ಬರುವತನಕ ಪ್ರತಿಯೊಬ್ಬರೂ ತಾವು ಹೇಳಬೇಕಾದ ಒಂದೂವರೆ ವಾಕ್ಯವನ್ನೇ ಒಳಗೊಳಗೆ ಬಾಯಿಪಾಠ ಮಾಡುತ್ತಿರುತ್ತಾರೆ, ಸರದಿ ಮುಗಿದ ಮೇಲೆ ಸದ್ಯ ಮುಗಿಯಿತಲ್ಲ ಎಂದು ಪಕ್ಕದವರೊಡನೆ ಪಿಸುಗುಟ್ಟತೊಡಗುತ್ತಾರೆ. ಎರಡೂ ಹೊತ್ತಿನಲ್ಲಿ ಕಿವಿ ಕೆಲಸ ಮಾಡುವುದಿಲ್ಲ. ಐವತ್ತು ಹೆಸರುಗಳು ಧ್ವನಿವರ್ಧಕದಲ್ಲಿ ಮೊಳಗಿ ಹೋಗಿರುತ್ತವೆ, ಐದು ಹೆಸರೂ ಯಾರ ನೆನಪಿನಲ್ಲೂ ಉಳಿದಿರುವುದಿಲ್ಲ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು. ಶಿಬಿರಕ್ಕೆ ಹುಡುಗಿಯರ ಜೊತೆಗೆ ಹೋಗುವ ಜವಾಬ್ದಾರಿ ಹಲವು ವರ್ಷಗಳಿಂದ ನನ್ನ ಪಾಲಿಗಿದೆ. ಮೊದಲ ದಿನ ಮೈಕ್ ಮಾಡಲಾರದ ಕೆಲಸವನ್ನು ಒಂದು ಚೆಂಡು ಮಾಡುತ್ತದೆ ಎಂಬುದು ನಾನು ಕಂಡುಕೊಂಡ ಸಂಗತಿ. ಆದರೆ ಯಾವ ಚೆಂಡಾದರೂ, ಯಾವ ಆಟವಾದರೂ ನಡೆಯುತ್ತದೆ ಎಂದುಕೊಂಡರೆ ಫಲಿತಾಂಶ ಸ್ವಪರಿಚಯಕ್ಕಿಂತ ಕೆಟ್ಟದಾಗಿರುವ ಸಾಧ್ಯತೆಯೂ ಇದೆ. ಆದ್ದರಿಂದ ಐಸ್‌ಬ್ರೇಕರ್ ಎಂದು ತರಬೇತುದಾರರು ಕರೆಯುವ, ಅಪರಿಚಿತರ ನಡುವಿನ ಸಂಕೋಚ ಮುರಿಯುವ ಈ ಆಟಗಳ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕೆನಿಸಿತು.

ಆಟ ಶುರುಮಾಡುವ ಮೊದಲು ನಾನು ಹೇಳುವ ನಿಯಮ ಒಂದಿದೆ: ಬಿದ್ದ ಚೆಂಡು ಒಗೆದವರದ್ದು. ಚೆಂಡು ನೆಲಕ್ಕೆ ಬಿದ್ದರೆ ಅದು ಹಿಡಿಯಲಾಗದವರ ತಪ್ಪಲ್ಲ, ಹಿಡಿಯಲಾಗದಂತೆ ಒಗೆದವರ ತಪ್ಪು. ಓಡಿಹೋಗಿ ಅದನ್ನು ಎತ್ತಿಕೊಂಡು ಬಂದು, ಮತ್ತೆ ಅದೇ ವ್ಯಕ್ತಿಯ ಹೆಸರು ಕೂಗಿ, ಈ ಸಲ ಮೆಲ್ಲಗೆ ಒಗೆಯುವ ಕೆಲಸವೂ ಅವರದ್ದೇ. ಕ್ರಿಕೆಟ್ ಆಡುತ್ತಲೇ ಬೆಳೆದ ನಮ್ಮ ಹುಡುಗರಿಗೆ ಇದು ಮೊದಲು ವಿಚಿತ್ರವಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಕ್ಯಾಚ್ ಬಿಟ್ಟವನೇ ಬೈಸಿಕೊಳ್ಳುವವನು. ಆದರೆ ಶಿಬಿರದ ಸುತ್ತಿನಲ್ಲಿ ನಿಂತ ಅರ್ಧದಷ್ಟು ಹುಡುಗಿಯರು ಪ್ರಾಥಮಿಕ ಶಾಲೆ ಬಿಟ್ಟ ಮೇಲೆ ಚೆಂಡನ್ನು ಕೈಯಲ್ಲಿ ಹಿಡಿದೇ ಇರುವುದಿಲ್ಲ. ಅಣ್ಣತಮ್ಮಂದಿರು ಆಡುವಾಗ ಮನೆಯ ಅಂಗಳಕ್ಕೆ ಬಂದು ಬಿದ್ದ ಚೆಂಡನ್ನು ಹೊರಗೆ ಎಸೆದಿದ್ದಷ್ಟೇ ಅವರಿಗಿರುವ ಅಭ್ಯಾಸ. ಎಲ್ಲರೆದುರು ಚೆಂಡು ಕೈಬಿಟ್ಟು ನಗೆಗೀಡಾಗುವ ಭಯ ಅವರನ್ನು ಹಿಂದಿನ ಸಾಲಿಗೆ ದೂಡುತ್ತದೆ. ಹೊಣೆ ಒಗೆಯುವವರ ಮೇಲೆ ಬಿದ್ದೊಡನೆ ಆ ಭಯ ಅರ್ಧಕ್ಕರ್ಧ ಇಳಿಯುತ್ತದೆ, ಜೊತೆಗೆ ಒಗೆಯುವವನು ಎದುರಿಗಿರುವವರನ್ನು ನಿಜವಾಗಿ ನೋಡತೊಡಗುತ್ತಾನೆ: ಆಕೆ ಎಷ್ಟು ದೂರದಲ್ಲಿದ್ದಾಳೆ, ಕೈ ಮುಂದೆ ಚಾಚಿದ್ದಾಳೆಯೇ, ಬಿಸಿಲು ಆಕೆಯ ಕಣ್ಣಿಗೆ ಹೊಡೆಯುತ್ತಿದೆಯೇ ಎಂಬುದೆಲ್ಲ ಅವನ ಲೆಕ್ಕಕ್ಕೆ ಬರುತ್ತದೆ. ಪರಿಚಯವೆಂಬುದು ಅಲ್ಲಿಂದಲೇ ಶುರುವಾಗುತ್ತದೆಂದು ನನ್ನ ನಂಬಿಕೆ, ಹೆಸರು ತಿಳಿಯುವುದು ಅದರ ನಂತರದ ಮಾತು.

ಇನ್ನು ಚೆಂಡಿನ ವಿಷಯ. ಕ್ರಿಕೆಟ್‌ನ ಲೆದರ್ ಚೆಂಡು ಸುಮಾರು 156ರಿಂದ 163 ಗ್ರಾಂ ತೂಗುತ್ತದೆ, ಗಟ್ಟಿಯಾಗಿರುತ್ತದೆ. ಅದನ್ನು ಈ ಆಟಗಳಿಗೆ ತರಲೇಬಾರದು. ವಾಲಿಬಾಲ್ 260ರಿಂದ 280 ಗ್ರಾಂ ತೂಗಿದರೂ ದೊಡ್ಡದಾದ್ದರಿಂದ ಹಿಡಿಯಲು ಸುಲಭ, ಆದರೆ ಅಭ್ಯಾಸವಿಲ್ಲದವರ ಬೆರಳಿನ ತುದಿಗೆ ಬಡಿದರೆ ಬೆರಳು ಉಳುಕುತ್ತದೆ. ಟೆನಿಸ್ ಚೆಂಡು 60 ಗ್ರಾಂ ಒಳಗೇ ಇದೆ, ನೋವಾಗುವುದಿಲ್ಲ, ಆದರೆ ಪುಟಿಯುವ ಗುಣದಿಂದಾಗಿ ಒಮ್ಮೆ ಬಿದ್ದರೆ ಶಾಲೆಯ ಗೇಟು ದಾಟಿ ಹೋಗುತ್ತದೆ. ಜಾತ್ರೆಯಲ್ಲಿ ಮಾರುವ ಗಾಳಿ ತುಂಬಿದ ಪ್ಲಾಸ್ಟಿಕ್ ಚೆಂಡು ಚೆನ್ನಾಗಿಯೇ ಇದೆ, ಬಯಲಿನಂಚಿನ ಬಳ್ಳಾರಿ ಜಾಲಿಯ ಒಂದು ಮುಳ್ಳು ತಾಗುವವರೆಗೆ.

ನಾನು ಹೆಚ್ಚು ನೆಚ್ಚಿಕೊಂಡಿರುವುದು ಬಟ್ಟೆಯ ಚೆಂಡನ್ನು. ನಮ್ಮ ಕಡೆ ಹತ್ತಿಗೆ ಬರವಿಲ್ಲ. ಬಿಡಿಸಿದ ಹೊಲದಲ್ಲಿ ಗಿಡಕ್ಕೆ ಅಂಟಿಕೊಂಡು ಉಳಿದ ಹತ್ತಿಯನ್ನೇ ಮಕ್ಕಳು ತಂದುಕೊಡುತ್ತಾರೆ. ಅದನ್ನು ಒತ್ತಾಗಿ ಉಂಡೆ ಮಾಡಿ, ಹಳೆಯ ಸೀರೆಯ ಪಟ್ಟಿಗಳನ್ನು ಅಡ್ಡಡ್ಡ, ಉದ್ದುದ್ದ ಸುತ್ತಿ, ಕೊನೆಗೆ ಒಂದು ಹಳೆಯ ಕಾಲುಚೀಲದೊಳಗೆ ತುರುಕಿ ಬಾಯಿ ಹೊಲಿದರೆ ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಚೆಂಡು ಸಿದ್ಧವಾಗುತ್ತದೆ. ಬರಿಯ ಹತ್ತಿಯಿಂದ ಮಾಡಿದರೆ ತೂಕ ಸಾಲದೆ ಗಾಳಿಗೆ ತೇಲಿ ಎತ್ತೆತ್ತಲೋ ಹೋಗುತ್ತದೆ, ಸೀರೆಯ ಪಟ್ಟಿ ತೂಕ ಕೊಡುತ್ತದೆ. ಈ ಚೆಂಡು ಪುಟಿಯುವುದಿಲ್ಲ, ಬಿದ್ದಲ್ಲೇ ಬೀಳುತ್ತದೆ, ಮುಖಕ್ಕೆ ತಾಗಿದರೂ ಯಾರೂ ಅಳುವುದಿಲ್ಲ. ಶಿಬಿರಕ್ಕೆ ಹೊರಡುವ ಹಿಂದಿನ ವಾರ ಏಳೆಂಟು ಚೆಂಡು ಹೊಲಿಯಲು ನಾಲ್ಕೈದು ಜನರನ್ನು ಕೂರಿಸಿಕೊಂಡರೆ ಅದೇ ಒಂದು ಪರಿಚಯದ ಕಾರ್ಯಕ್ರಮವಾಗಿಬಿಡುತ್ತದೆ. ಹೊಲಿಗೆಯಲ್ಲಿ ಹುಡುಗರು ಸೂಜಿಗೆ ದಾರ ಪೋಣಿಸಲು ಪಡುವ ಪಾಡನ್ನು ಇಲ್ಲಿ ಬರೆಯುವುದಿಲ್ಲ.

ಮೊದಲ ಆಟ ಎಲ್ಲರಿಗೂ ಗೊತ್ತಿರುವಂಥದ್ದೇ. ಹನ್ನೆರಡರಿಂದ ಹದಿನೈದು ಮಂದಿ ಸುತ್ತಾಗಿ ನಿಲ್ಲುತ್ತಾರೆ. ಚೆಂಡು ಹಿಡಿದವರು ಎದುರಿನವರೊಬ್ಬರ ಹೆಸರು ಕೂಗಿ ಅವರತ್ತ ಒಗೆಯುತ್ತಾರೆ. ಹಿಡಿದವರು ಮತ್ತೊಬ್ಬರ ಹೆಸರು ಕೂಗುತ್ತಾರೆ. ಐವತ್ತು ಜನರನ್ನು ಒಂದೇ ಸುತ್ತಿನಲ್ಲಿ ನಿಲ್ಲಿಸುವ ಉತ್ಸಾಹ ಅನೇಕರಿಗಿದೆ, ಫೋಟೊ ಚೆನ್ನಾಗಿ ಬರುತ್ತದೆ ಎಂಬುದನ್ನು ಬಿಟ್ಟರೆ ಅದರಿಂದ ಪ್ರಯೋಜನವಿಲ್ಲ. ಅಷ್ಟು ದೊಡ್ಡ ಸುತ್ತಿನಲ್ಲಿ ಒಬ್ಬರ ಕೈಗೆ ಚೆಂಡು ಬರಲು ಐದಾರು ನಿಮಿಷ ಬೇಕು, ಅಷ್ಟರಲ್ಲಿ ಹಿಂದೆ ನಿಂತವರು ಮೊಬೈಲ್ ತೆಗೆದಿರುತ್ತಾರೆ. ನಾಲ್ಕು ಸುತ್ತು, ನಾಲ್ಕು ಚೆಂಡು, ಹತ್ತು ನಿಮಿಷ. ಆಮೇಲೆ ಪ್ರತಿ ಸುತ್ತಿನ ಅರ್ಧ ಜನರನ್ನು ಪಕ್ಕದ ಸುತ್ತಿಗೆ ಕಳುಹಿಸಿ ಮತ್ತೆ ಹತ್ತು ನಿಮಿಷ. ಕೈಯನ್ನು ಕೆಳಗಿನಿಂದ ಮೇಲಕ್ಕೆ ಬೀಸಿ ಒಗೆಯಬೇಕು, ಭುಜದ ಮೇಲಿನಿಂದ ಒಗೆಯುವಂತಿಲ್ಲ. ಹೆಸರು ಮೊದಲು, ಕಣ್ಣು ಕೂಡಿದ ಮೇಲೆ ಚೆಂಡು. ಈ ಕ್ರಮ ತಪ್ಪಿದರೆ, ಅಂದರೆ ಹೆಸರೂ ಚೆಂಡೂ ಒಟ್ಟಿಗೆ ಹೊರಟರೆ, ಹಿಡಿಯುವವರು ತಲೆ ಎತ್ತುವಷ್ಟರಲ್ಲಿ ಚೆಂಡು ಮುಖದ ಮುಂದಿರುತ್ತದೆ.

ಈ ಆಟವನ್ನು ನಮ್ಮಲ್ಲಿ ಹಾಗೆಯೇ ಬಿಟ್ಟರೆ ಒಂದು ವಿಚಿತ್ರ ನಡೆಯುತ್ತದೆ. ಹುಡುಗರು ಹುಡುಗರಿಗೇ, ಹುಡುಗಿಯರು ಹುಡುಗಿಯರಿಗೇ ಒಗೆಯುತ್ತಾರೆ. ಒಂದೇ ಹಾಸ್ಟೆಲ್ಲಿನವರು ತಮ್ಮತಮ್ಮಲ್ಲೇ ಚೆಂಡನ್ನು ತಿರುಗಿಸುತ್ತಾರೆ. ಯಾರ ಕಡೆಯವರೂ ಅಲ್ಲದ ಒಬ್ಬಿಬ್ಬರು ಕೈಚಾಚಿ ನಿಂತೇ ಇರುತ್ತಾರೆ. ಹೆಣ್ಣು ಗಂಡು ಎಂದು ಭೇದ ಮಾಡಬೇಡಿ ಎಂದು ಉಪದೇಶ ಮಾಡಿದರೆ ಇದ್ದ ಸಂಕೋಚ ಇಮ್ಮಡಿಯಾಗುತ್ತದೆ, ಕೇಕೆ ಬೇರೆ ಏಳುತ್ತದೆ. ಅದರ ಬದಲು, ನಿಮಗೆ ಈಗಾಗಲೇ ಹೆಸರು ಗೊತ್ತಿರುವವರಿಗೆ ಒಗೆಯುವಂತಿಲ್ಲ ಎಂಬ ನಿಯಮ ಹಾಕಿದರೆ ಸಾಕು. ಹೆಸರು ಗೊತ್ತಿಲ್ಲದಿದ್ದರೆ ಕೇಳಬೇಕು, ಕೇಳಿ ಕೂಗಬೇಕು, ಕೂಗಿ ಒಗೆಯಬೇಕು.

"ಅಕಿ ಹೆಸರು ಗೊತ್ತಿಲ್ರೀ ಮೇಡಂ" ಎಂದು ಹುಡುಗ ನನ್ನತ್ತ ತಿರುಗುತ್ತಾನೆ.

"ನನ್ನೇನು ಕೇಳ್ತೀಯೋ ತಮ್ಮಾ, ಅಕಿ ಎದುರಿಗೇ ನಿಂತಾಳಲ್ಲ, ಅಕಿನ್ನೇ ಕೇಳು" ಎಂದರೆ ಸುತ್ತಿನವರೆಲ್ಲ ನಗುತ್ತಾರೆ. ಆ ನಗುವಿನ ಮರೆಯಲ್ಲಿ ಅವನು ಕೇಳಿಬಿಡುತ್ತಾನೆ, ಆಕೆ ಹೇಳಿಬಿಡುತ್ತಾಳೆ.

ಇಷ್ಟಾದರೂ ಕೆಲವು ಹುಡುಗರು ಎಲ್ಲ ಹುಡುಗಿಯರನ್ನೂ ಸಿಸ್ಟರ್ ಎಂದೇ ಕೂಗುವ ಜಾಣತನ ತೋರಿಸುತ್ತಾರೆ. ಹಿರಿಯರಾದರೆ ಹೆಸರಿನ ಕೊನೆಗೆ ಅಕ್ಕ, ಅಣ್ಣ ಸೇರಿಸಿಕೊಳ್ಳಲಿ, ಅದು ನಮ್ಮ ನೆಲದ ಮರ್ಯಾದೆ; ಶರಣಮ್ಮಕ್ಕ ಎಂದರೆ ಹೆಸರೂ ಉಳಿಯಿತು, ಗೌರವವೂ ಉಳಿಯಿತು. ಹೆಸರನ್ನೇ ನುಂಗಿಬಿಡುವ ಸಿಸ್ಟರ್ ಮಾತ್ರ ಆಟದೊಳಗೆ ಬೇಡ. ಸಂಜೆ ಆ ಊರಿನ ಯುವಕ ಮಂಡಳದವರು ಬಂದು ಸೇರಿಕೊಂಡಾಗ ಈ ಅಣ್ಣ, ಅಕ್ಕ ಇನ್ನೂ ಹೆಚ್ಚು ಬೇಕಾಗುತ್ತದೆ. ಮದುವೆಯಾಗಿ ಮಕ್ಕಳಿರುವ ಯುವಕರೂ ಆ ಗುಂಪಿನಲ್ಲಿರುತ್ತಾರೆ, ಅವರನ್ನು ಬರೀ ಹೆಸರಿನಿಂದ ಕೂಗು ಎಂದು ವಿದ್ಯಾರ್ಥಿಗೆ ಹೇಳುವುದು ಸರಿಯಲ್ಲ.

ಹೆಸರುಗಳ ವಿಷಯದಲ್ಲಿ ನಮ್ಮ ಜಿಲ್ಲೆಗೆ ತನ್ನದೇ ಆದ ತೊಡಕುಗಳಿವೆ. ತಿಂಥಣಿಯ ಸಂತ ಮೌನೇಶ್ವರನ ಒಕ್ಕಲು ಈ ಭಾಗದಲ್ಲಿ ದೊಡ್ಡದು, ಹಾಗಾಗಿ ಒಂದೇ ಸುತ್ತಿನಲ್ಲಿ ಮೂವರು ಮೌನೇಶರು ಸಿಗುವುದು ಅಪರೂಪವಲ್ಲ. ಆಗ ಊರ ಹೆಸರು ಸೇರಿಸಿ ಮಸ್ಕಿ ಮೌನೇಶ, ತುರ್ವಿಹಾಳ ಮೌನೇಶ ಎಂದು ಕೂಗಬೇಕಾಗುತ್ತದೆ, ಅದರಿಂದ ಊರೂ ತಿಳಿದಂತಾಗುತ್ತದೆ. ಸಿಂಧನೂರು ಭಾಗದ ಕಾಲೇಜಾದರೆ ತುಂಗಭದ್ರಾ ಎಡದಂಡೆ ಕಾಲುವೆಯ ಜೊತೆಗೆ ಬೆಳೆದ, ಕ್ಯಾಂಪು ಎಂದು ಕರೆಯುವ ವಲಸಿಗರ ಊರುಗಳಿಂದ ತೆಲುಗು ಮನೆಮಾತಿನವರು, ಪುನರ್ವಸತಿ ಕ್ಯಾಂಪುಗಳಿಂದ ಬಂಗಾಳಿ ಮನೆಮಾತಿನವರು, ತಾಂಡಾಗಳಿಂದ ಲಂಬಾಣಿ ಮಾತಿನವರು, ಪೇಟೆಯಿಂದ ಉರ್ದು ಮಾತಿನವರು ಎಲ್ಲರೂ ಇರುತ್ತಾರೆ. ಸ್ವಪರಿಚಯದಲ್ಲಿ ಒಮ್ಮೆ ಕೇಳಿದ ಅಪರಿಚಿತ ಹೆಸರನ್ನು ಯಾರೂ ಮರಳಿ ಉಚ್ಚರಿಸುವುದಿಲ್ಲ. ಚೆಂಡಿನ ಆಟದಲ್ಲಾದರೆ ಹತ್ತು ಬಾಯಿಗಳು ಆ ಹೆಸರನ್ನು ಹೇಳಲೇಬೇಕು. ತಪ್ಪಾಗಿ ಹೇಳಿದರೆ ಹೆಸರಿನವರು ತಿದ್ದಬೇಕು, ತಿದ್ದುವವರೆಗೂ ಚೆಂಡು ಒಗೆಯುವಂತಿಲ್ಲ. ಮೆಲ್ಲಗೆ ಮಾತನಾಡುವ ಹುಡುಗಿ ತನ್ನ ಹೆಸರನ್ನು ಮೂರನೇ ಸಲ ತಿದ್ದುವಾಗ ಅವಳ ದನಿ ಮೊದಲಿಗಿಂತ ಎತ್ತರವಾಗಿರುತ್ತದೆ.

ಮಸ್ಕಿಯ ಮಾತು ಬಂತು, ಒಂದು ವಿಷಯಾಂತರಕ್ಕೆ ಓದುಗರು ಅವಕಾಶ ಕೊಡಬೇಕು. ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದಷ್ಟೇ ಶಾಸನಗಳಲ್ಲಿ ಕಾಣಿಸಿಕೊಳ್ಳುತ್ತಿದ್ದ ಚಕ್ರವರ್ತಿ ಅಶೋಕನೇ ಎಂಬುದು ಗಟ್ಟಿಯಾಗಿದ್ದು 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅವನ ಹೆಸರೇ ಸಿಕ್ಕ ಮೇಲೆ. ಆ ಊರಿನ ಸುತ್ತಮುತ್ತ ಶಿಬಿರ ನಡೆದರೆ ಈ ಕಥೆಯನ್ನು ನಾನು ಹೆಸರಿನ ಆಟದ ಮುಂಚೆ ಹೇಳುತ್ತೇನೆ. ಕನ್ನಡ ಮೇಷ್ಟ್ರಿಗೆ ಚೆಂಡಾಟದಲ್ಲೂ ಶಾಸನ ಬೇಕು ಎಂದು ಸಹೋದ್ಯೋಗಿಗಳು ಛೇಡಿಸುವುದುಂಟು.

ಹೆಸರುಗಳು ಒಂದು ಹಂತಕ್ಕೆ ಬಂದ ಮೇಲೆ ಆಡಿಸಬೇಕಾದ್ದು ಕ್ರಮದ ಆಟ. ಪ್ರತಿಯೊಬ್ಬರೂ ಮೊದಲ ಸಲ ಯಾರಿಗೆ ಒಗೆದರೋ ಅವರಿಗೇ ಪ್ರತಿ ಸಲ ಒಗೆಯಬೇಕು. ಚೆಂಡು ಎಲ್ಲರ ಕೈಯನ್ನೂ ಒಂದೊಂದು ಸಲ ಮುಟ್ಟಿ ಮೊದಲನೆಯವರಿಗೆ ಮರಳಬೇಕು. ಒಮ್ಮೆ ಚೆಂಡು ಹಿಡಿದವರು ಕೈಕಟ್ಟಿ ನಿಂತರೆ ಯಾರು ಬಾಕಿ ಇದ್ದಾರೆಂಬುದು ಗೊತ್ತಾಗುತ್ತದೆ. ಈ ಕ್ರಮ ಎರಡು ಮೂರು ಸುತ್ತಿಗೆ ಎಲ್ಲರಿಗೂ ರೂಢಿಯಾಗುತ್ತದೆ. ಆಗ ಮೊದಲನೆಯ ಚೆಂಡು ಅರ್ಧದಾರಿಯಲ್ಲಿರುವಾಗಲೇ ಎರಡನೆಯದನ್ನು ಬಿಡಬೇಕು, ಆಮೇಲೆ ಮೂರನೆಯದು, ನಾಲ್ಕನೆಯದು. ಹನ್ನೆರಡು ಜನರ ಸುತ್ತಿನಲ್ಲಿ ಐದು ಚೆಂಡುಗಳು ಓಡಾಡತೊಡಗಿದರೆ ಯಾರಿಗೂ ನಾಚಿಕೊಳ್ಳಲು ಪುರುಸೊತ್ತು ಇರುವುದಿಲ್ಲ. ಪ್ರತಿಯೊಬ್ಬರೂ ನೆನಪಿಡಬೇಕಾದ್ದು ಇಬ್ಬರನ್ನು ಮಾತ್ರ, ತನಗೆ ಕೊಡುವವರು ಯಾರು, ತಾನು ಕೊಡಬೇಕಾದವರು ಯಾರು. ಉಳಿದ ಗದ್ದಲವೆಲ್ಲ ಅವರಿಗೆ ಸಂಬಂಧಿಸಿದ್ದಲ್ಲ. ಹೀಗೆ ಒಬ್ಬರನ್ನೇ ಮತ್ತೆ ಮತ್ತೆ ಕೂಗುವುದರಿಂದ ಆ ಜೋಡಿಗಳು ವಾರವಿಡೀ ಜೋಡಿಗಳಾಗಿಯೇ ಉಳಿಯುತ್ತವೆ. ಬುಟ್ಟಿಯಲ್ಲಿ ಮಣ್ಣು ದಾಟಿಸುವಾಗಲೂ ಅದೇ ಸಾಲು ತಾನಾಗಿ ಬಂದು ನಿಲ್ಲುವುದನ್ನು ನೋಡಿದ್ದೇನೆ. ರಾಷ್ಟ್ರೀಯ ಸೇವಾ ಯೋಜನೆಯ ಧ್ಯೇಯವಾಕ್ಯವಾದ 'ನನಗಲ್ಲ, ನಿನಗೆ' ಎಂಬುದನ್ನು ಚೆಂಡು ಕೈಗೆ ಬಂದೊಡನೆ ಕೆಂಡ ಮುಟ್ಟಿದವನಂತೆ ಮುಂದಕ್ಕೆ ದಾಟಿಸುತ್ತಾ ಕೂಗುವ ತರಲೆಗಳೂ ಪ್ರತಿ ಶಿಬಿರದಲ್ಲಿ ಹುಟ್ಟಿಕೊಳ್ಳುತ್ತಾರೆ, ಅವರನ್ನು ತಡೆಯಬಾರದು.

ಇದೇ ಕ್ರಮವನ್ನು ಉಳಿಸಿಕೊಂಡು ಒಂದೇ ಚೆಂಡಿನಿಂದ ಸಮಯದ ಆಟ ಆಡಿಸಬಹುದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1971ರಲ್ಲಿ ಆರಂಭವಾದ ಪ್ರಾಜೆಕ್ಟ್ ಅಡ್ವೆಂಚರ್ ಎಂಬ ಸಾಹಸ ಶಿಕ್ಷಣ ಸಂಸ್ಥೆಯೂ ಅಲ್ಲಿ ದುಡಿದ ಕಾರ್ಲ್ ರೋಂಕಿಯವರೂ ಇಂಥ ಆಟಗಳನ್ನು ಜಗತ್ತಿನಾದ್ಯಂತ ಹಬ್ಬಿಸಿದವರಲ್ಲಿ ಮುಖ್ಯರು. ನಿಯಮ ಎರಡೇ: ಚೆಂಡು ಅದೇ ಕ್ರಮದಲ್ಲಿ ಎಲ್ಲರ ಕೈ ಮುಟ್ಟಬೇಕು, ಆದಷ್ಟು ಬೇಗ ಮುಟ್ಟಬೇಕು. ಮೊದಲ ಸಲ ಹನ್ನೆರಡು ಜನರಿಗೆ ಅರ್ಧ ನಿಮಿಷದ ಆಸುಪಾಸು ಹಿಡಿಯುತ್ತದೆ. ಇದನ್ನು ಅರ್ಧಕ್ಕಿಳಿಸಿ ಎಂದರೆ ಮೊದಲು ಎಲ್ಲರೂ ಜೋರಾಗಿ ಒಗೆಯಲು ಹೋಗುತ್ತಾರೆ, ಚೆಂಡು ಬೀಳುತ್ತದೆ, ಸಮಯ ಹೆಚ್ಚುತ್ತದೆ. ಆಮೇಲೆ ಯಾರಾದರೊಬ್ಬರು, ಹೆಚ್ಚಾಗಿ ಅದುವರೆಗೆ ಬಾಯಿ ಬಿಡದೆ ನಿಂತವರು, "ನಾವು ನಿಂತ ಜಾಗ ಬದಲಿ ಮಾಡಬಾರದಂತ ಎಲ್ಲೈತ್ರೀ?" ಎಂದು ಕೇಳುತ್ತಾರೆ. ಎಲ್ಲಿಯೂ ಇಲ್ಲ. ಕೊಡುವವರೂ ತೆಗೆದುಕೊಳ್ಳುವವರೂ ಪಕ್ಕಪಕ್ಕದಲ್ಲಿ ನಿಂತರೆ ಒಗೆಯುವ ಅಗತ್ಯವೇ ಇಲ್ಲ. ಅಲ್ಲಿಂದ ಮುಂದೆ ಬುದ್ಧಿ ಓಡತೊಡಗುತ್ತದೆ: ಎಲ್ಲರೂ ಕೈಗಳನ್ನು ಒಂದರ ಕೆಳಗೊಂದು ಇಳಿಜಾರಾಗಿ ಹಿಡಿದು ಚೆಂಡನ್ನು ಕಾಲುವೆಯ ನೀರಿನಂತೆ ಉರುಳಿಬಿಡುತ್ತಾರೆ, ಇಲ್ಲವೇ ಬೆರಳುಗಳನ್ನು ಒತ್ತೊತ್ತಾಗಿ ಜೋಡಿಸಿ ಒಬ್ಬರು ಚೆಂಡನ್ನು ಅವುಗಳ ಮೇಲೆ ಸವರಿಕೊಂಡು ಹೋಗುತ್ತಾರೆ. ಮೂರು ಸೆಕೆಂಡಿಗೆ ಇಳಿಯುವುದು ಕಷ್ಟವಲ್ಲ.

ಆದರೆ ಈ ಹಂತದಲ್ಲಿ ಆಡಿಸುವವರು ಕಣ್ಣಿಡಬೇಕಾದ ಸಂಗತಿ ಒಂದಿದೆ. ಕೈಗಳನ್ನು ಒತ್ತೊತ್ತಾಗಿ ಹಿಡಿಯುವ ಉಪಾಯ ಹೊಳೆದೊಡನೆ ಕೆಲವು ಹುಡುಗಿಯರು ಹಿಂದೆ ಸರಿಯುತ್ತಾರೆ. ಅದು ಅವರ ಹಕ್ಕು. ಯಾರೂ ಯಾರನ್ನೂ ಮುಟ್ಟದೆಯೂ ಸಮಯ ಇಳಿಸುವ ದಾರಿ ಇದೆಯೇ ನೋಡಿ ಎಂದು ಗುಂಪಿನ ಮುಂದೆಯೇ ಇನ್ನೊಂದು ಷರತ್ತು ಇಟ್ಟರೆ ಹಿಂದೆ ಸರಿದವರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ, ಆಟವೂ ಕೆಡುವುದಿಲ್ಲ. ತಲೆಯ ಮೇಲಿನಿಂದ ಮತ್ತು ಕಾಲುಗಳ ನಡುವಿನಿಂದ ಚೆಂಡು ದಾಟಿಸುವ ರಿಲೇ ಆಟವನ್ನು ನಾನು ಮಿಶ್ರ ಗುಂಪಿನಲ್ಲಿ ಆಡಿಸುವುದೇ ಇಲ್ಲ. ಸೀರೆಯುಟ್ಟ, ಚೂಡಿದಾರ್ ತೊಟ್ಟ ಹುಡುಗಿಯರು ಬಾಗುವುದಕ್ಕೂ ಕಾಲು ಅಗಲಿಸುವುದಕ್ಕೂ ಮುಜುಗರಪಡುತ್ತಾರೆ. ಸೊಂಟ ತಿರುಗಿಸಿ ಎಡಕ್ಕೆ, ಬಲಕ್ಕೆ ದಾಟಿಸಿದರೆ ಅಷ್ಟೇ ವೇಗ, ಅಷ್ಟೇ ನಗು.

ಪ್ರಶ್ನೆಯ ಚೆಂಡು ಇನ್ನೊಂದು ಬಗೆಯದು. ಗಾಳಿ ತುಂಬಿದ ದೊಡ್ಡ ಚೆಂಡಿನ ಮೇಲೆ ಮಾರ್ಕರಿನಿಂದ ಇಪ್ಪತ್ತರಷ್ಟು ಪ್ರಶ್ನೆಗಳನ್ನು ಬರೆದಿರುತ್ತಾರೆ. ಹಿಡಿದವರು ತಮ್ಮ ಬಲಗೈ ಹೆಬ್ಬೆರಳಿನ ಕೆಳಗೆ ಬಂದ ಪ್ರಶ್ನೆಗೆ ಉತ್ತರ ಹೇಳಬೇಕು. ಎಲ್ಲಿಂದಲೋ ಇಳಿಸಿಕೊಂಡ ಪ್ರಶ್ನೆಗಳನ್ನು ಹಾಗೆಯೇ ಬರೆಯುವವರಿದ್ದಾರೆ. 'ಕಳೆದ ರಜೆಯಲ್ಲಿ ಎಲ್ಲಿಗೆ ಪ್ರವಾಸ ಹೋಗಿದ್ದಿರಿ?' ಎಂಬುದು ಕಾಗದದ ಮೇಲೆ ನಿರುಪದ್ರವಿ ಪ್ರಶ್ನೆ. ಆದರೆ ನಮ್ಮ ಜಿಲ್ಲೆಯಲ್ಲಿ ರಜೆ ಬಂತೆಂದರೆ ತಂದೆತಾಯಿಗಳ ಜೊತೆ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡಿ ಫೀ ಹೊಂದಿಸಿಕೊಳ್ಳುವ ವಿದ್ಯಾರ್ಥಿಗಳು ಆ ಸುತ್ತಿನಲ್ಲೇ ನಿಂತಿರುತ್ತಾರೆ. ತಂದೆಯ ಉದ್ಯೋಗ, ಮನೆಯಲ್ಲಿರುವ ವಾಹನ, ಪಿಯುಸಿ ಅಂಕ, ಅಡ್ಡಹೆಸರು (ಮನೆತನದ ಹೆಸರು) ಇವೂ ಬೇಡ. ಅಡ್ಡಹೆಸರು ಕೇಳುವುದೆಂದರೆ ಜಾತಿ ಕೇಳುವುದೆಂದೇ ಎಲ್ಲರಿಗೂ ತಿಳಿದಿದೆ. ನನ್ನ ಚೆಂಡಿನ ಮೇಲಿರುವುದು ಬೇರೆ ಪ್ರಶ್ನೆಗಳು. ನಿಮ್ಮ ಮನೆಯಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವವರು ಯಾರು? ನಿಮ್ಮೂರ ಜಾತ್ರೆಯಲ್ಲಿ ತಪ್ಪದೆ ಕೊಳ್ಳುವ ತಿಂಡಿ ಯಾವುದು? ಎತ್ತು, ಆಡು, ಕೋಳಿ, ಯಾವುದಕ್ಕಾದರೂ ಹೆಸರಿಟ್ಟಿದ್ದೀರಾ? ಮಿರ್ಚಿಗೆ ಮಂಡಕ್ಕಿಯೋ, ಒಗ್ಗರಣೆಯೋ? ಈ ಕೊನೆಯ ಪ್ರಶ್ನೆಗೆ ಬರುವಷ್ಟು ಆವೇಶದ ಉತ್ತರ ಬೇರಾವುದಕ್ಕೂ ಬರುವುದಿಲ್ಲ. ಉತ್ತರ ಹೇಳಲು ಮನಸ್ಸಿಲ್ಲದವರು ಎಡಗೈ ಹೆಬ್ಬೆರಳಿನ ಪ್ರಶ್ನೆಯನ್ನು ಆರಿಸಿಕೊಳ್ಳಬಹುದು. ಏಕೆ ಎಂದು ಯಾರೂ ಕೇಳುವಂತಿಲ್ಲ.

ತಾಟು ಬಡಿಯುತ್ತಾ ಚೆಂಡು ದಾಟಿಸಿ, ಬಡಿತ ನಿಂತಾಗ ಚೆಂಡು ಯಾರ ಕೈಯಲ್ಲಿದೆಯೋ ಅವರು ಹಾಡಬೇಕು ಅಥವಾ ಕುಣಿಯಬೇಕು ಎನ್ನುವ ಆಟ ಬಹಳ ಜನಪ್ರಿಯ. ಅದಕ್ಕೆ ಮೊದಲ ದಿನದಲ್ಲಿ ಜಾಗವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಡಲು ಬರುವವರು ಹೇಗಿದ್ದರೂ ಹಾಡುತ್ತಾರೆ, ಅವರಿಗೆ ಚೆಂಡು ಬೇಡ. ಬಾರದವರಿಗೆ ಅದು ಶಿಕ್ಷೆ, ಮತ್ತು ಶಿಕ್ಷೆ ಪಡೆಯುವವರನ್ನು ನೋಡುವುದೇ ಉಳಿದವರಿಗೆ ಮನರಂಜನೆ. ಬಡಿಯುವವರು ಬೇಕೆಂದೇ ಒಬ್ಬರನ್ನು ಸಿಕ್ಕಿಸುವುದೂ ನಡೆಯುತ್ತದೆ. ಔಟಾದವರು ಹೊರಗೆ ಕೂರುವ ಆಟಗಳ ತೊಂದರೆಯೂ ಇದೇ. ಯಾರಿಗೆ ಅಭ್ಯಾಸ ಕಡಿಮೆಯೋ ಅವರೇ ಮೊದಲು ಔಟಾಗುತ್ತಾರೆ, ಅಂದರೆ ಯಾರನ್ನು ಒಳಗೆ ತರಬೇಕೆಂದು ಆಟ ಹೂಡಿದೆವೋ ಅವರನ್ನೇ ಮೊದಲ ಎರಡು ನಿಮಿಷದಲ್ಲಿ ಹೊರಗೆ ಕಳುಹಿಸಿದಂತಾಗುತ್ತದೆ.

ಲಗೋರಿಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ, ಆದರೆ ಅದನ್ನು ಎರಡನೆಯ ದಿನದ ಸಂಜೆಗೆ ಇಟ್ಟುಕೊಳ್ಳುತ್ತೇನೆ. ಏಳು ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಜೋಡಿಸಿ, ಒಂದು ಗುಂಪು ಚೆಂಡಿನಿಂದ ಬೀಳಿಸಿ, ಎದುರಾಳಿಗಳು ಚೆಂಡಿನಿಂದ ಹೊಡೆಯುವುದರೊಳಗೆ ಮತ್ತೆ ಜೋಡಿಸಬೇಕಾದ ಈ ಆಟ ನಮ್ಮೂರುಗಳಲ್ಲಿ ಹೇಳಿಕೊಡಬೇಕಾದ್ದಲ್ಲ, ಕಲ್ಲು ಕಂಡರೆ ಕೈ ತಾನಾಗಿ ಜೋಡಿಸುತ್ತದೆ. ಶಿಬಿರದಲ್ಲಿ ಮಾಡುವ ಬದಲಾವಣೆ ಇಷ್ಟೇ: ಬಟ್ಟೆಯ ಚೆಂಡು, ಮೊಣಕಾಲಿನ ಕೆಳಗಷ್ಟೇ ಹೊಡೆತ, ಹೊಡೆಸಿಕೊಂಡವರು ಹೊರಗೆ ಹೋಗದೆ ಕಲ್ಲಿನ ಹತ್ತಿರ ಬಂದು ನಿಂತು ಜೋಡಿಸುವವರಿಗೆ ಕಲ್ಲು ಎತ್ತಿಕೊಡಬಹುದು. ಒಂದು ಚಾದರದ ಅಂಚನ್ನು ಹತ್ತು ಜನ ಹಿಡಿದು, ಅದರ ಮೇಲಿನ ಚೆಂಡನ್ನು ಚಿಮ್ಮಿಸಿ ಪಕ್ಕದ ಗುಂಪಿನ ಚಾದರಕ್ಕೆ ದಾಟಿಸುವ ಆಟವೂ ಅಂದಿಗೇ ಚೆನ್ನ. ಒಬ್ಬರು ಜೋರಾಗಿ ಎಳೆದರೂ ಚೆಂಡು ಓರೆಯಾಗಿ ಹೋಗುವುದರಿಂದ ಒಟ್ಟಿಗೆ ಎಣಿಸಿ ಎತ್ತುವುದನ್ನು ಕಲಿಯದೆ ಗತ್ಯಂತರವಿಲ್ಲ.

ಕಣ್ಣು ಕಾಣದ ವಿದ್ಯಾರ್ಥಿಗಳು ಗುಂಪಿನಲ್ಲಿದ್ದರೆ ಅವರಿಗೆ ಅಂಕ ಬರೆಯುವ, ಸಮಯ ನೋಡುವ ಕೆಲಸ ಕೊಟ್ಟು ಕೂರಿಸುವುದು ಸುಲಭದ ದಾರಿ. ಸಮಯ ಹೇಗೆ ನೋಡುತ್ತಾರೆಂದು ಕೇಳಿದರೆ ಆ ಕೆಲಸ ಕೊಟ್ಟವರು ತಬ್ಬಿಬ್ಬಾಗುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ರೂಪಿಸಿದ ಗೋಲ್‌ಬಾಲ್ ಎಂಬ ಆಟದಲ್ಲಿ ಚೆಂಡಿನೊಳಗೆ ಗಂಟೆಗಳಿರುತ್ತವೆ, ಆಟಗಾರರು ಸದ್ದು ಕೇಳಿ ಚೆಂಡು ತಡೆಯುತ್ತಾರೆ. 1976ರ ಟೊರೊಂಟೊ ಪ್ಯಾರಾಲಿಂಪಿಕ್ಸ್‌ನಿಂದ ಅದು ಪದಕದ ಆಟವೂ ಹೌದು. ಆ ಚೆಂಡು 1.25 ಕಿಲೋ ತೂಗುತ್ತದೆ, ನಮಗೆ ಅಷ್ಟು ಬೇಡ. ಎತ್ತಿನ ಕೊರಳಿಗೆ ಕಟ್ಟುವ ಗೆಜ್ಜೆಗಳನ್ನು ಸಂತೆಯಿಂದ ತಂದು ಬಟ್ಟೆಯ ಚೆಂಡಿನ ಹೊರಸುತ್ತಿನಲ್ಲಿ ಸೇರಿಸಿ ಹೊಲಿದರೆ ಸಾಕು. ಹತ್ತಿಯ ಒಳಗೆ ಆಳವಾಗಿ ಹುದುಗಿಸಿದರೆ ಸದ್ದು ಬರುವುದಿಲ್ಲ ಎಂಬುದನ್ನು ನೆನಪಿಡಬೇಕು. ಎಲ್ಲರೂ ಸುತ್ತಾಗಿ ನೆಲದ ಮೇಲೆ ಕುಳಿತು, ಹೆಸರು ಕೂಗಿ, ಕೂಗಿಸಿಕೊಂಡವರು 'ಇಲ್ಲಿದ್ದೇನೆ' ಎಂದ ಮೇಲೆ ಆ ದನಿಯತ್ತ ಚೆಂಡನ್ನು ಉರುಳಿಸುತ್ತಾರೆ. ಎರಡು ಸುತ್ತಿನ ನಂತರ ಎಲ್ಲರೂ ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ಆಡಿದರೆ ಗುಂಪಿನ ನುರಿತ ಆಟಗಾರ ಯಾರೆಂಬುದು ಬದಲಾಗುತ್ತದೆ. ಕಾಲಿನ ತೊಂದರೆ ಇರುವವರಿಗೂ ಈ ಕುಳಿತ ಆಟವೇ ಅನುಕೂಲ.

ಹೊತ್ತಿನ ಬಗ್ಗೆ ಎರಡು ಮಾತು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಆಗ ಬೆಳಿಗ್ಗೆ ಎಂಟರ ನಂತರ ಬಯಲಿನ ಆಟ ಬೇಡ, ಮಧ್ಯಾಹ್ನಕ್ಕೆ ಶಾಲೆಯ ಕೋಣೆಯೊಳಗಿನ ಉರುಳಿಸುವ ಆಟ ಸಾಕು. ಎರೆ ನೆಲ ಮಳೆಗೆ ನೆನೆದಿದ್ದರೆ ಚೆಂಡಿನಷ್ಟೇ ಮಣ್ಣು ಚಪ್ಪಲಿಗೂ ಅಂಟಿಕೊಳ್ಳುತ್ತದೆ, ಒಣಗಿದ್ದರೆ ಬಿರುಕಿನಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ಜಾಗ ನೋಡಿ, ಮುಳ್ಳು ಆರಿಸಿ, ಆಮೇಲೆ ಸುತ್ತು ನಿಲ್ಲಿಸಬೇಕು.

ಇಷ್ಟೆಲ್ಲ ಆದ ಮೇಲೆ, ಸಾಮಾನ್ಯವಾಗಿ ಮಧ್ಯಾಹ್ನದ ಬಸ್ಸಿಗೆ, ತಡವಾಗಿ ಇಬ್ಬರು ಮೂವರು ಬಂದಿಳಿಯುತ್ತಾರೆ. ಅಷ್ಟರಲ್ಲಿ ಉಳಿದವರೆಲ್ಲ ಒಬ್ಬರ ಹೆಸರನ್ನೊಬ್ಬರು ಕೂಗಿಕೊಂಡು ಓಡಾಡುತ್ತಿರುವುದರಿಂದ ಹೊಸಬರು ಮೊದಲಿಗಿಂತ ಹೆಚ್ಚು ಒಂಟಿಯಾಗುತ್ತಾರೆ. ಅವರಿಗಾಗಿ ಮತ್ತೆ ಮೊದಲಿನಿಂದ ಆಟ ಶುರುಮಾಡಿದರೆ ಹಳಬರಿಗೆ ಬೇಸರ. ಸಂಜೆಯ ಕ್ರಮದ ಆಟದಲ್ಲಿ ಜೊತೆಯಾಗಿರುವ ಇಬ್ಬರ ನಡುವೆ ಹೊಸಬರೊಬ್ಬರನ್ನು ಸೇರಿಸಬೇಕು. ಕೊಡುತ್ತಿದ್ದವರು ಇನ್ನು ಮುಂದೆ ಹೊಸಬರಿಗೆ ಕೊಡುತ್ತಾರೆ, ಹೊಸಬರು ತೆಗೆದುಕೊಳ್ಳುತ್ತಿದ್ದವರಿಗೆ ದಾಟಿಸುತ್ತಾರೆ. ಹೀಗಾಗಿ ಬಂದವರು ಕಲಿಯಬೇಕಾದ್ದು ಎರಡೇ ಹೆಸರು, ಅವರ ಹೆಸರನ್ನು ಮಾತ್ರ ಇಡೀ ಸುತ್ತು ಕೇಳಿಸಿಕೊಳ್ಳುತ್ತದೆ. ಹೊಸಬರು ಮೂವರಿದ್ದರೆ ಮೂವರನ್ನೂ ಬೇರೆ ಬೇರೆ ಸುತ್ತಿಗೆ ಹಾಕಬೇಕು. ತಾವು ಒಟ್ಟಿಗೇ ಇರುತ್ತೇವೆ ಎಂದು ಅವರು ಪಟ್ಟು ಹಿಡಿಯುತ್ತಾರೆ, ಒಪ್ಪಬಾರದು.